ಔಟಾದವರು ಎಲ್ಲಿ ಹೋಗ್ತಾರೆ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಆಟದ ಪಿರಿಯಡ್ ಕದಿಯುತ್ತಿದ್ದ ಮಾಸ್ತರ. ಗದಗದಿಂದ ಮುಂಡರಗಿ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಶಾಲೆಯ ಹಿಂದೆ ನಿಂತರೆ ದೂರದಲ್ಲಿ ಕಪ್ಪತಗುಡ್ಡ, ಗಾಳಿ ಫ್ಯಾನುಗಳು. ಆಷಾಢದಲ್ಲಿ ಗಾಳಿ ಎಷ್ಟು ಜೋರು ಅಂದರೆ ಬೋರ್ಡ್ ಒರೆಸಿದ ಪುಡಿ ತಿರುಗಿ ನಮ್ಮ ಮುಖಕ್ಕೇ ಬರುತ್ತದೆ. ಇಂಥ ಗಾಳಿಯಲ್ಲಿ ಮಕ್ಕಳು ಹೊರಗೆ ಯಾಕೆ ಓಡಬೇಕು, ಒಳಗೆ ಕೂತು ನಾಲ್ಕು ಲೆಕ್ಕ ಬಿಡಿಸಲಿ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. "ಸರ್, ನಿಮ್ಮ ಪಿರಿಯಡ್ ಇವತ್ತ ನಂಗ ಕೊಡ್ರಿ, ಪೋರ್ಷನ್ ಭಾಳ ಉಳದೈತಿ" ಅಂದರೆ ಪಿಟಿ ಸರ್ ನಕ್ಕು ಕೊಡುತ್ತಿದ್ದರು. ಇಲ್ಲ ಅನ್ನೋದು ಅವರಿಗೆ ಸುಲಭವೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಮೊದಲ ಪಂಕ್ತಿಯವು. ಆಟ, ಚಿತ್ರಕಲೆ ಎರಡನೇ ಪಂಕ್ತಿ. ಉಳಿದದ್ದನ್ನು ಉಣ್ಣಬೇಕು.

ಒಂದು ಮಧ್ಯಾಹ್ನ ಹೀಗೆ ಕದ್ದ ಪಿರಿಯಡ್ಡಿಗೆ ಎಂಟನೇ ಕ್ಲಾಸಿಗೆ ಹೋದೆ. ಬಾಗಿಲಲ್ಲಿ ಒಬ್ಬ ಹುಡುಗ ಚಪ್ಪಲಿ ಬಿಚ್ಚಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ನಿಂತಿದ್ದ. ನನ್ನ ಕೈಯಲ್ಲಿದ್ದ ಚಾಕ್ ಡಬ್ಬಿ ನೋಡಿ ಕೇಳಿದ, "ಸರ್ರ, ಇವತ್ತೂ ನೀವ ಏನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಬುಟ್ಟಿಯ ಅರಿವೆ ಸರಿಸಿ ನೋಡಿದಾಗ ನಿನ್ನೆಯ ರೊಟ್ಟಿಯೇ ಇದ್ದರೆ ಕೇಳುತ್ತೇವಲ್ಲ, ಆ ಥರ. ಅವನು ಮಡಚಿದ ಪ್ಯಾಂಟನ್ನು ಒಂದೊಂದೇ ಸುತ್ತು ಬಿಚ್ಚಿ ಇಳಿಸಿಕೊಂಡು ಒಳಗೆ ಹೋಗಿ ಕೂತ. ಅವತ್ತು ಯಾವ ಪಾಠ ಮಾಡಿದೆ ಅಂತ ನನಗೆ ನೆನಪಿಲ್ಲ. ಪ್ಯಾಂಟ್ ಇಳಿಸಿದ್ದು ಮಾತ್ರ ನೆನಪಿದೆ.

ಬೇವಿನ ಗಿಡದ ಕೆಳಗೆ ಒಂದು ಲೆಕ್ಕ

ಅದೇ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟ ಬಂತು. ಪಿಟಿ ಸರ್ ತಂಡ ಕರೆದುಕೊಂಡು ಹೋದರು. ಹೆಡ್ ಮಾಸ್ತರ ನನ್ನ ಕಡೆ ನೋಡಿ, "ಹೆಂಗೂ ಅವರ ಪಿರಿಯಡ್ ನೀವ ತಗೋತೀರಿ, ಈ ಸಲ ಆಟಾನೂ ನೀವ ಆಡಸ್ರಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚುಚ್ಚಿದ್ದು ಆಮೇಲೆ ಗೊತ್ತಾಯಿತು.

ಎಂಟನೇ ಕ್ಲಾಸಿನ 46 ಮಕ್ಕಳನ್ನು ಮೈದಾನಕ್ಕೆ ಬಿಟ್ಟೆ. ಮೈದಾನ ಅಂದರೆ ಎರೆ ಹೊಲದ ಅಂಚಿಗೆ ಗರಸು ಹಾಕಿ ಬಡಿದ ಜಾಗ. ಒಂದು ಚೆಂಡು ಕೊಟ್ಟು, "ಡಾಡ್ಜ್ ಬಾಲ್ ಆಡ್ರಿ, ಜಗಳ ಮಾಡಬ್ಯಾಡ್ರಿ" ಅಂದು ಬೇವಿನ ಗಿಡದ ಕೆಳಗೆ ಟೆಸ್ಟ್ ಪೇಪರ್ ತಿದ್ದೋಕೆ ಕೂತೆ. ಸುತ್ತ ನಿಂತ ಹತ್ತು ಜನ ಹೊಡೆಯೋರು, ಒಳಗೆ ಉಳಿದವರು ತಪ್ಪಿಸಿಕೊಳ್ಳೋರು, ತಾಗಿದರೆ ಔಟ್. ನಿಮಗೆಲ್ಲ ಗೊತ್ತಿರೋ ಆಟ.

ಮೂರು ಪೇಪರ್ ತಿದ್ದಿರಬೇಕು. ತಲೆ ಎತ್ತಿದರೆ ನನ್ನ ಪಕ್ಕದ ಕಟ್ಟೆಯ ಮೇಲೆ ಏಳು ಮಕ್ಕಳು ಬಂದು ಕೂತಿದ್ದರು. "ಯಾಕ?" ಅಂದೆ. "ಔಟ್ರಿ." ಇನ್ನೆರಡು ಪೇಪರ್ ಆಗೋದರೊಳಗೆ ಕಟ್ಟೆ ತುಂಬಿತು. ಒಬ್ಬಳು ಹುಲ್ಲುಕಡ್ಡಿ ಹೆಣೆಯುತ್ತಿದ್ದಳು. ಇಬ್ಬರು ನಾನು ಯಾರಿಗೆ ಎಷ್ಟು ಮಾರ್ಕ್ಸ್ ಹಾಕುತ್ತಿದ್ದೇನೆ ಅಂತ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಮೈದಾನದಲ್ಲಿ ಉಳಿದಿದ್ದವರು ನಾಲ್ಕೇ ಹುಡುಗರು, ಅವರು ಮಾತ್ರ ಮೈ ಬೆವರಿ ಜಿಗಿದಾಡುತ್ತಿದ್ದರು. ನನಗೆ ಇದು ಚಟ, ಎಲ್ಲಿ ಏನು ಕಂಡರೂ ಎಣಿಸೋದು. ಪೇಪರಿನ ಹಿಂಭಾಗದಲ್ಲಿ ಬರೆದುಕೊಂಡೆ. ಪಿರಿಯಡ್ 40 ನಿಮಿಷ. ಬಂದು ಸಾಲು ನಿಲ್ಲೋಕೆ 6 ಹೋಯಿತು. ಉಳಿದ 34ರಲ್ಲಿ ಮೂರು ಸುತ್ತು ಆಟ. ಮೂರೂ ಸುತ್ತಿನಲ್ಲಿ ಮೊದಲು ಔಟಾದವಳು ಒಬ್ಬಳೇ ಹುಡುಗಿ, ಪ್ರತಿ ಸಲ ಒಂದು ನಿಮಿಷದ ಒಳಗೇ. ಅಂದರೆ ಅವಳು ಆಡಿದ್ದು ಹೆಚ್ಚೆಂದರೆ 3 ನಿಮಿಷ. ಕಡೆತನಕ ಉಳಿಯುತ್ತಿದ್ದ ಹುಡುಗನಿಗೆ ಸಿಕ್ಕಿದ್ದು ಹತ್ತಿರ ಹತ್ತಿರ 30.

ಯಾರಿಗೆ ಓಡೋಕೆ ಬರೋದಿಲ್ಲವೋ ಅವರಿಗೆ 3 ನಿಮಿಷ ಓಟ. ಯಾರಿಗೆ ಬರುತ್ತದೋ ಅವರಿಗೆ 30. ಈ ಲೆಕ್ಕ ನೋಡಿ ಮೊದಲು ನಗು ಬಂತು. "ಎಂಥ ಮೂರ್ಖ ಆಟ" ಅಂದುಕೊಂಡೆ. ಆಮೇಲೆ ಮನೆಗೆ ಹೋಗೋ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಇನ್ನೊಂದು ಹೊಳೆಯಿತು. ನಾನು ಬೋರ್ಡಿಗೆ ಕರೆಯೋದು ಯಾರನ್ನು? ಲೆಕ್ಕ ಬರೋ ಐದಾರು ಮಂದಿಯನ್ನು. ಮೊದಲ ಮೆಟ್ಟಿಲಲ್ಲೇ ತಪ್ಪಿದವನಿಗೆ "ಕೂಡ್ರು" ಅನ್ನುತ್ತೇನೆ. ಅವನು ಕೂತವನು ಕೂತೇ ಇರುತ್ತಾನೆ. ನನ್ನ ಕ್ಲಾಸಿನಲ್ಲೂ ಒಂದು ಕಟ್ಟೆ ಇತ್ತು, ನನಗೆ ಕಂಡಿರಲಿಲ್ಲ ಅಷ್ಟೇ.

ರೌಂಡ್ ಹೊಡಿ ಅನ್ನೋ ಶಿಕ್ಷೆ

ಆಟದ ಬಗ್ಗೆ ನನಗೆ ಇಷ್ಟು ಅಸಡ್ಡೆ ಬಂದದ್ದು ಎಲ್ಲಿಂದ ಅಂತ ಕೆದಕಿದರೆ, ನಾನು ಓದಿದ ಹೈಸ್ಕೂಲಿಗೆ ಹೋಗಬೇಕಾಗುತ್ತದೆ. ಅದು ಬೆಟಗೇರಿ ಕಡೆ. ನಮ್ಮ ಓಣಿಯಲ್ಲಿ ಬೆಳಿಗ್ಗೆಯಿಂದ ಮಗ್ಗದ ಸದ್ದು, ಸಂಜೆ ಗೋಲಿ, ಬುಗುರಿ, ಲಗೋರಿ, ಚಿಣಿದಾಂಡು. ಕತ್ತಲಾಗಿ ಅವ್ವ ಬಂದು ಕಿವಿ ಹಿಡಿಯೋತನಕ ಆಟ. ಆದರೆ ಶಾಲೆಯ ಆಟ ಬೇರೆ ಜಾತಿಯದು. ತಡವಾಗಿ ಬಂದರೆ ಮೂರು ರೌಂಡ್ ಓಡು. ಹೋಂವರ್ಕ್ ಮಾಡದಿದ್ದರೆ ಐದು ರೌಂಡ್. ಮಾತಾಡಿದರೆ ಬಸ್ಕಿ. ಆಟದ ಪಿರಿಯಡ್ಡಿನಲ್ಲಿ ಕವಾಯತು, ಸೀಟಿ, ಬಡಿಗೆ. ಓಡೋದು, ಬಗ್ಗೋದು, ಬೆವರೋದು ಎಲ್ಲವೂ ತಪ್ಪು ಮಾಡಿದವರಿಗೆ ಕೊಡೋ ದಂಡ ಅಂತ ಮೈ ಕಲಿತುಬಿಟ್ಟಿತು. ನಾನು ತೆಳ್ಳಗೆ, ಕುಳ್ಳಗೆ ಇದ್ದೆ. ರೌಂಡ್ ಮುಗಿಸಿ ಕಡೆಗೆ ಬರುತ್ತಿದ್ದೆ. ಕಡೆಗೆ ಬಂದವನಿಗೆ ಇನ್ನೊಂದು ರೌಂಡ್!

ಸೀಟಿ ಊದಿದರೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ. ಬಸ್ ಕಂಡಕ್ಟರ್ ಊದಿದರೂ ಸೈ. ಆ ಮಾಸ್ತರ ಕೆಟ್ಟವರೇನಲ್ಲ, ಅವರಿಗೂ ಹಾಗೇ ಕಲಿಸಿದ್ದರು. ಆದರೆ ಆಟ ಅಂದಕೂಡಲೇ ಮಕ್ಕಳ ಮನಸ್ಸು ಅರಳುತ್ತದೆ ಅಂತ ಭಾಷಣ ಮಾಡೋರನ್ನು ಕಂಡರೆ ನನಗೆ ಈಗಲೂ ನಂಬಿಕೆ ಬರೋದಿಲ್ಲ. ಆಟದಿಂದ ಮನಸ್ಸು ಮುದುಡುವುದೂ ಉಂಟು. ಹದಿಮೂರು ಹದಿನಾಲ್ಕರಲ್ಲಿ ಇನ್ನೂ ಬೇಗ. ಆ ವಯಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ ಅನ್ನೋ ಭಯ ಇರುತ್ತದಲ್ವಾ, ಅಂಥದರಲ್ಲಿ ಮೈದಾನದ ನಡುವೆ ಎಡವಿ ಬೀಳೋದು ಸಣ್ಣ ಮಾತಲ್ಲ.

ಪಿಟಿ ಸರ್ ಹೇಳಿದ್ದು

ತಂಡ ವಾಪಸ್ ಬಂತು. ಖೋಖೋದಲ್ಲಿ ಎರಡನೇ ಸ್ಥಾನ. ನಾನು ಪಿಟಿ ಸರ್‌ಗೆ ನನ್ನ 3 ಮತ್ತು 30ರ ಲೆಕ್ಕ ತೋರಿಸಿದೆ. ಏನೋ ದೊಡ್ಡದು ಕಂಡುಹಿಡಿದವನ ಗತ್ತಿನಲ್ಲಿ. ಅವರು ಚಹಾ ಕುಡಿಯುತ್ತಾ ನೋಡಿ, "ಇದ ನೋಡ್ರಿ ವಿಷಯ. ಔಟಾದಾವ ಎಲ್ಲಿ ಹೋಗ್ತಾನ? ಅದನ್ನ ಮೊದ್ಲ ಕೇಳಬೇಕು. ಆಟ ಚಲೋದೋ ಕೆಟ್ಟದ್ದೋ ಅಲ್ಲೇ ಗೊತ್ತಾಗತೈತಿ" ಅಂದರು. ಮರುದಿನ ಅದೇ ಎಂಟನೇ ಕ್ಲಾಸಿಗೆ ಅದೇ ಡಾಡ್ಜ್ ಬಾಲ್ ಆಡಿಸಿದರು. ಎರಡೇ ಬದಲಾವಣೆ. ಚೆಂಡು ಎರಡು. ಔಟಾದವರು ಕಟ್ಟೆಗೆ ಹೋಗೋ ಹಾಗಿಲ್ಲ, ಸುತ್ತಿನ ಹೊರಗೆ ನಿಂತು ಹೊಡೆಯೋರಾಗಬೇಕು, ಒಬ್ಬರಿಗೆ ತಾಗಿಸಿದರೆ ಮತ್ತೆ ಒಳಗೆ. ಅಷ್ಟೇ. ಕಟ್ಟೆ ಖಾಲಿ. ನಾನು ಬರೆದುಕೊಳ್ಳೋಕೆ ಪೆನ್ನು ತೆಗೆದವನು ಹಾಗೇ ಇಟ್ಟೆ. ಯಾರು ಯಾವಾಗ ಒಳಗೆ, ಯಾವಾಗ ಹೊರಗೆ ಎಣಿಸೋಕೇ ಆಗಲಿಲ್ಲ.

"ಇದೇನ್ ನಾ ಹುಟ್ಟಿಸಿದ್ದಲ್ಲ, ನಮ್ಮ ಕಬಡ್ಡಿನಾಗ ಮೊದ್ಲಿಂದ ಐತಿ" ಅಂದರು ಅವರು. ಹೌದಲ್ವಾ ಅನಿಸಿತು. ಕಬಡ್ಡಿ ನೋಡುತ್ತಲೇ ಬೆಳೆದಿದ್ದೇನೆ, ಜಾತ್ರೆಯಲ್ಲಿ ರಾತ್ರಿ ಎರಡರವರೆಗೆ ಲೈಟಿನ ಕೆಳಗೆ ನಿಂತು ನೋಡಿದ್ದೇನೆ. ಒಂದು ದಿನವೂ ಹೀಗೆ ಯೋಚಿಸಿರಲಿಲ್ಲ. ಕಬಡ್ಡಿಯಲ್ಲಿ ಔಟಾದವನು ಗೆರೆಯ ಹೊರಗೆ ಕೂರುತ್ತಾನೆ. ಅವನ ಕಡೆಯವನು ಎದುರಾಳಿಯನ್ನು ಔಟ್ ಮಾಡಿದರೆ ಇವನಿಗೆ ಮತ್ತೆ ಜೀವ. ಮೊದಲು ಔಟಾದವನು ಮೊದಲು ಒಳಗೆ. ಹಾಗಾಗಿ ಹೊರಗೆ ಕೂತವನು ಹುಲ್ಲುಕಡ್ಡಿ ಹೆಣೆಯೋದಿಲ್ಲ. ಉಸಿರು ಬಿಗಿ ಹಿಡಿದು ಗೆಳೆಯನ ಕಾಲನ್ನೇ ನೋಡುತ್ತಿರುತ್ತಾನೆ, ಅವನ ಜೀವ ಅಲ್ಲಿದೆ. ನಿನ್ನೆ ಆ ಗೆಳೆಯನ ಜೊತೆ ಮಾತು ಬಿಟ್ಟಿದ್ದರೂ ಸರಿ, ಈಗ ಅವನ ಹೆಸರು ಹಿಡಿದು ಕೂಗುತ್ತಾನೆ. ಹದಿನಾಲ್ಕರ ಹುಡುಗನಿಗೆ "ಸೋಲೇ ಕೊನೆ ಅಲ್ಲಪ್ಪ" ಅಂತ ನಾನು ಹತ್ತು ಸಲ ಹೇಳಿದರೂ ಗೋಡೆಗೆ ಹೇಳಿದಂತೆ. 30 ಸೆಕೆಂಡಿನ ಒಂದು ರೈಡಿನಲ್ಲಿ ಅವನು ಸತ್ತು, ಇನ್ನೊಂದರಲ್ಲಿ ಎದ್ದು ಬರುತ್ತಾನೆ. ಒಂದು ಸಂಜೆಗೆ ಏಳೆಂಟು ಸಲ. ಅದೂ ಪುಕ್ಕಟೆ, ಮೊಣಕೈ ತರಚಿದ್ದು ಬಿಟ್ಟರೆ.

ಪಿಟಿ ಸರ್ ಓದುವ ಮನುಷ್ಯ. ನಮ್ಮಲ್ಲಿ ಎಷ್ಟೋ ಜನ ನಿಯಮ ಪುಸ್ತಕ ಬಿಟ್ಟು ಬೇರೆ ಓದೋದಿಲ್ಲ, ಇವರು ಓದುತ್ತಾರೆ. 1982ರಲ್ಲಿ ಇಂಗ್ಲೆಂಡಿನ ಲಫ್‌ಬರೋದಲ್ಲಿ ಡೇವಿಡ್ ಬಂಕರ್, ರಾಡ್ ಥಾರ್ಪ್ ಅನ್ನೋ ಇಬ್ಬರು ಪಾಠಗಾರರು ಒಂದು ಮಾತು ಎತ್ತಿದರಂತೆ. ಶಾಲೆಯಲ್ಲಿ ಮಕ್ಕಳಿಗೆ ಮೊದಲು ಚೆಂಡು ಹೇಗೆ ಹಿಡಿಯಬೇಕು, ಹೇಗೆ ಒದೆಯಬೇಕು ಅಂತ ವರ್ಷಗಟ್ಟಲೆ ಡ್ರಿಲ್ ಮಾಡಿಸುತ್ತಾರೆ, ಆಟ ಮಾತ್ರ ಕಡೆಗೆ ಹತ್ತು ನಿಮಿಷ. ಕೊನೆಗೆ ಮಕ್ಕಳಿಗೆ ಒದೆಯೋಕೆ ಬರುತ್ತದೆ, ಆಡೋಕೆ ಬರೋದಿಲ್ಲ. ಅದಕ್ಕೆ ಅವರು ಉಲ್ಟಾ ಮಾಡಿದರು. ಮೊದಲು ಆಟ ಕೊಡಿ, ಮಕ್ಕಳ ಅಳತೆಗೆ ಅಂಗಳ ಸಣ್ಣದು ಮಾಡಿ, ಜನ ಕಡಿಮೆ ಮಾಡಿ, ನಿಯಮ ಬಗ್ಗಿಸಿ. "ಈಗ ಎಲ್ಲಿ ಓಡಬೇಕಿತ್ತು, ಯಾಕೆ?" ಅಂತ ಕೇಳಿ. ಕೈಚಳಕ ಬೇಕು ಅಂತ ಮಗುವಿಗೇ ಅನಿಸಿದಾಗ ಅದನ್ನು ಕಲಿಸಿ. ಇದನ್ನು ಕೇಳುತ್ತಿದ್ದಂತೆ ನನಗೆ ನನ್ನ ಸೂತ್ರಗಳು ನೆನಪಾದವು. ನಾನೂ ಮೊದಲು ಸೂತ್ರ ಬಾಯಿಪಾಠ ಮಾಡಿಸಿ, ಲೆಕ್ಕ ಕಡೆಗೆ ಕೊಡೋನು. ಇರಲಿ, ಅದು ಬೇರೆ ಬರಹ.

ಖೋ ಅನ್ನೋದು ಕೇಳಿಸಬೇಕು

ಮೂರು ಸಲವೂ ಮೊದಲು ಔಟಾದವಳ ಬಗ್ಗೆ ಹೇಳಬೇಕು. ನನ್ನ ಕ್ಲಾಸಿನಲ್ಲಿ ಅವಳು ಮೂರನೇ ಬೆಂಚು, ಗೋಡೆ ಬದಿ. ಹಾಜರಿ ಕರೆದಾಗ ಅವಳ "ಎಸ್ ಸರ್" ನನಗೆ ಕೇಳಿಸುತ್ತಿರಲಿಲ್ಲ. ತುಟಿ ಅಲ್ಲಾಡಿದ್ದು ನೋಡಿ ಟಿಕ್ ಹಾಕುತ್ತಿದ್ದೆ. ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಿದ್ದಳು. ಬರೋದಿಲ್ಲವೋ, ಬಂದರೂ ಹೇಳೋದಿಲ್ಲವೋ ಗೊತ್ತಾಗುತ್ತಿರಲಿಲ್ಲ. ನಾನೂ ಕೇಳೋದು ಬಿಟ್ಟೆ.

ಪಿಟಿ ಸರ್ ಅವಳನ್ನು ಖೋಖೋದಲ್ಲಿ ಕೂರಿಸಿದರು. ಖೋಖೋ ನೋಡೋಕೆ ಓಟದ ಆಟ. ಎಂಟು ಜನ ಸಾಲಾಗಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ, ಒಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಆದರೆ ಒಂದು ಕ್ಷಣ ಯೋಚಿಸಿದರೆ ಅದರ ಒಳಗಿನ ಚಾಣಾಕ್ಷತನ ಗೊತ್ತಾಗುತ್ತದೆ. ಓಡಿ ತಪ್ಪಿಸಿಕೊಳ್ಳೋನು ನಡುವಿನ ಸಾಲನ್ನು ಬೇಕಾದಲ್ಲಿ ದಾಟಬಹುದು. ಅಟ್ಟಿಸೋನು ದಾಟೋ ಹಾಗಿಲ್ಲ, ಹಿಡಿದ ದಿಕ್ಕನ್ನು ಬಿಡೋ ಹಾಗೂ ಇಲ್ಲ, ಕಂಬ ಸುತ್ತಿಯೇ ತಿರುಗಬೇಕು. ಹಾಗಾಗಿ ಎಂಥ ಚಿರತೆಯಂಥ ಓಟಗಾರನಾದರೂ ಒಬ್ಬನೇ ಏನೂ ಮಾಡೋಕೆ ಆಗಲ್ಲ. ಕೂತವರ ಬೆನ್ನು ಮುಟ್ಟಿ ಖೋ ಕೊಡಲೇಬೇಕು. ಕೊಟ್ಟಮೇಲೆ ತಾನು ಆ ಜಾಗದಲ್ಲಿ ಕೂರಲೇಬೇಕು. ಶಾಲೆಯಲ್ಲಿ ಅತಿ ಜೋರಾಗಿ ಓಡೋ ಹುಡುಗಿ ಹತ್ತು ಹೆಜ್ಜೆ ಓಡಿ, ಅತಿ ನಿಧಾನದವಳ ಬೆನ್ನು ಮುಟ್ಟಿ ಕೂರೋ ಆಟ ಇನ್ನೊಂದು ಎಲ್ಲಿದೆ?

ಇನ್ನೊಂದು ನಿಯಮ ಇದೆ. ಖೋ ಅನ್ನೋದನ್ನು ಹಿಂದಿನಿಂದಲೇ ಕೊಡಬೇಕು, ಜೋರಾಗಿ ಹೇಳಬೇಕು. ಎದುರಾಳಿಗಳಿಗೂ ಕೇಳಿಸಬೇಕು. ಕೇಳಿಸದಿದ್ದರೆ ಫೌಲ್. ಫೌಲಾದರೆ ಉಲ್ಟಾ ದಿಕ್ಕಿಗೆ ಓಡಬೇಕು, ಅಷ್ಟರಲ್ಲಿ ಹಿಡಿಯೋಕೆ ಸಿಕ್ಕವಳು ತಪ್ಪಿಸಿಕೊಂಡಿರುತ್ತಾಳೆ.

ಅವಳ ಮೊದಲ ಖೋ ಯಾರಿಗೂ ಕೇಳಿಸಲಿಲ್ಲ. ಬೆನ್ನು ಮುಟ್ಟಿದಳು, ತುಟಿ ಅಲ್ಲಾಡಿತು. ಸೀಟಿ. ಫೌಲ್. ತಂಡದ ಹುಡುಗಿಯರು "ಏ, ಬಾಯಿ ಇಲ್ಲೇನ್ ನಿನಗ!" ಅಂತ ರೇಗಿದರು. ಎರಡನೇ ಸಲವೂ ಅದೇ. ನನಗೆ ಕೂತಲ್ಲಿ ಹೊಟ್ಟೆ ಹಿಂಡಿತು. ಎದ್ದು ಹೋಗಿ, ಪಾಪ ಬಿಡಿ ಸರ್, ಅವಳನ್ನು ಹೊರಗೆ ಕೂರಿಸಿ ಅನ್ನೋಣ ಅನಿಸಿತು. ನನ್ನ ಕ್ಲಾಸಿನಲ್ಲಿ ನಾನು ಮಾಡಿದ್ದೂ ಅದನ್ನೇ, ಪಾಪ ಅಂತ ಬಿಟ್ಟಿದ್ದೆ. ಪಿಟಿ ಸರ್ ಬೈಯಲಿಲ್ಲ, ಬಿಡಲೂ ಇಲ್ಲ. ಅಂಗಳದ ಪಕ್ಕದಲ್ಲಿ ನಿಂತಿದ್ದವರು ಅಲ್ಲಿಂದ ದೂರ ಹೋದರು. ಹೋಗಿ ಹೋಗಿ ಬೇವಿನ ಗಿಡದ ಹತ್ತಿರ, ನನ್ನ ಪಕ್ಕ ನಿಂತರು. "ನಂಗ ಇಲ್ಲಿ ಕೇಳಬೇಕ್ ನೋಡವಾ!" ಅಂತ ಕೂಗಿದರು. ಗಾಳಿ ಬೇರೆ ಎದುರಿನಿಂದ ಬೀಸುತ್ತಿತ್ತು.

ಆ ಪಿರಿಯಡ್ಡಿನಲ್ಲಿ ಕೇಳಿಸಲಿಲ್ಲ. ಆ ವಾರವೂ ಇಲ್ಲ. ಎರಡನೇ ವಾರದ ಒಂದು ದಿನ ಅವಳ ಕೈಗೆ ಸಿಕ್ಕೇ ಬಿಟ್ಟಳು ಅನ್ನುವಷ್ಟರಲ್ಲಿ ಎದುರಾಳಿ ಸಾಲು ದಾಟಿದಳು. ಇವಳಿಗೆ ಸಿಟ್ಟು ಬಂತು. ನಾನು ಅವಳಿಗೆ ಸಿಟ್ಟು ಬಂದದ್ದು ನೋಡಿದ್ದು ಅವತ್ತೇ. ಆ ಸಿಟ್ಟಿನಲ್ಲೇ ಮುಂದಿನವಳ ಬೆನ್ನಿಗೆ ಬಡಿದು "ಖೋ" ಅಂದಳು. ಹಾಗೆ ಬಡಿಯಬಾರದು, ಬೆನ್ನಿಗೆ ಹೊಡೆಸಿಕೊಂಡವಳು "ಅವ್ವಾ" ಅಂದಳು. ಬೇವಿನ ಗಿಡದ ಹತ್ತಿರ ನನಗೆ ಎರಡೂ ಕೇಳಿಸಿದವು. ಪಿಟಿ ಸರ್ ಏನೂ ಆಗದವರಂತೆ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು.

ಇದಾದಮೇಲೆ ಅವಳು ಗಣಿತದಲ್ಲಿ ಮುಂದೆ ಬಂದಳು ಅಂತ ಬರೆದರೆ ಸುಳ್ಳಾಗುತ್ತದೆ. ಅವಳ ಮಾರ್ಕ್ಸ್ ಇದ್ದಲ್ಲೇ ಇದ್ದವು. ಒಂದು ಮಾತ್ರ ಆಯಿತು. ಒಂಬತ್ತನೇ ಕ್ಲಾಸಿನಲ್ಲಿ ನಾನು ಬಹುಪದಗಳ ಭಾಗಾಕಾರ ಮಾಡಿ, "ತಿಳೀತಿಲ್ಲೋ?" ಅಂದೆ. ಇಡೀ ಕ್ಲಾಸು ರೂಢಿಯ ಪ್ರಕಾರ "ಹ್ಞೂನ್ರೀ" ಅಂತು. ಗೋಡೆ ಬದಿಯಿಂದ "ಇಲ್ರಿ ಸರ್" ಅಂತ ಬಂತು. ನಾನು ಅಳಿಸಿ ಮತ್ತೆ ಮಾಡಿದೆ. ಖೋಖೋದಿಂದಲೇ ಹೀಗಾಯಿತು ಅಂತ ಪ್ರಮೇಯದ ಹಾಗೆ ಸಾಧಿಸೋಕೆ ನನ್ನಿಂದ ಆಗಲ್ಲ. ಒಂದು ವರ್ಷ ವಯಸ್ಸೂ ಹೆಚ್ಚಾಗಿತ್ತಲ್ಲ.

ಎಲುಬು, ಎತ್ತರ, ವೇಲು

ಮೈಯ ವಿಷಯ ಬಿಟ್ಟರೆ ಪಿಟಿ ಸರ್ ನನ್ನನ್ನು ಬಿಡೋದಿಲ್ಲ. ಎಂಟನೇ ಕ್ಲಾಸಿನ ಸಾಲು ನಿಲ್ಲಿಸಿ ನೋಡಿ. ಹುಡುಗಿಯರು ಉದ್ದ, ಹುಡುಗರು ಗಿಡ್ಡ. ಹುಡುಗಿಯರ ಎತ್ತರ ಜೋರಾಗಿ ಬೆಳೆಯೋದು ಹನ್ನೆರಡರ ಆಸುಪಾಸಿನಲ್ಲಿ, ಹುಡುಗರದು ಹದಿನಾಲ್ಕರ ಹೊತ್ತಿಗೆ. ಮೊದಲು ಕೈಕಾಲು ಉದ್ದ ಆಗುತ್ತವೆ, ಮೈ ಆಮೇಲೆ. ಆ ಹೊತ್ತಿನಲ್ಲಿ ಅವರಿಗೆ ತಮ್ಮ ಕಾಲೇ ತಮಗೆ ಹೊಸದು. ಅದಕ್ಕೇ ಚೊಂಬು ಬೀಳಿಸುತ್ತಾರೆ, ಹೊಸ್ತಿಲು ಎಡವುತ್ತಾರೆ, ಮನೆಯಲ್ಲಿ ಬೈಸಿಕೊಳ್ಳುತ್ತಾರೆ. ಹೊಸ ಸೈಕಲ್ಲಿನ ಹಾಗೆ, ತುಳಿದೇ ರೂಢಿಯಾಗಬೇಕು. ಎಲುಬಿನ ಕತೆ ಇನ್ನೂ ದೊಡ್ಡದು. ದೊಡ್ಡವರಾದಮೇಲೆ ನಮ್ಮ ಎಲುಬಿನಲ್ಲಿರೋ ಖನಿಜದ ಕಾಲು ಭಾಗದಷ್ಟು, ಹದಿಹರೆಯದಲ್ಲಿ ಬೆಳವಣಿಗೆ ಜೋರಾಗಿರೋ ಸುಮಾರು 2 ವರ್ಷಗಳಲ್ಲೇ ಕೂಡುತ್ತದೆ. ಎಲುಬು ಗಟ್ಟಿಯಾಗೋದು ಜಿಗಿದರೆ, ಗಕ್ಕನೆ ನಿಂತರೆ, ದಿಕ್ಕು ತಿರುಗಿಸಿದರೆ. ಖೋಖೋ, ಕಬಡ್ಡಿ, ಕುಂಟಾಟ ಎಲ್ಲದರಲ್ಲೂ ಇರೋದು ಅದೇ. ಆ ಎರಡು ವರ್ಷ ನನ್ನ ಪೋರ್ಷನ್ನಿಗಾಗಿ ಕಾಯೋದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಮೈ ದಣಿಸಬೇಕು ಅನ್ನುತ್ತದೆ. 146 ದೇಶಗಳ 16 ಲಕ್ಷ ಶಾಲಾ ಮಕ್ಕಳ ಮಾಹಿತಿ ಇಟ್ಟುಕೊಂಡು ಅದೇ ಸಂಸ್ಥೆಯವರು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. 11ರಿಂದ 17 ವರ್ಷದವರಲ್ಲಿ 100ಕ್ಕೆ 81 ಮಕ್ಕಳಿಗೆ ಅಷ್ಟು ಸಿಗುತ್ತಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಈ 7ರ ವ್ಯತ್ಯಾಸ ನನ್ನ ಕಣ್ಣೆದುರಿಗೇ ಹುಟ್ಟೋದನ್ನು ನೋಡಿದ್ದೇನೆ. ಎಂಟನೇ ಕ್ಲಾಸಿನಲ್ಲಿ ಓಡುತ್ತಿದ್ದವಳು ಒಂಬತ್ತಕ್ಕೆ ಬಂದಾಗ ಕಟ್ಟೆಗೆ ಬರುತ್ತಾಳೆ. ಯಾರೂ ಔಟ್ ಅಂದಿರೋದಿಲ್ಲ, ತಾನೇ ಔಟಾಗಿರುತ್ತಾಳೆ. ಹೊಟ್ಟೆನೋವು ಅನ್ನುತ್ತಾಳೆ. ವೇಲು ಜಾರುತ್ತದೆ, ಪಿನ್ನು ಚುಚ್ಚುತ್ತದೆ. ಕೈಕಾಲು ತೊಳೆಯೋಕೆ ನೀರು ಇರೋ ದಿನ ಇರುತ್ತದೆ, ಇಲ್ಲದ ದಿನ ಇಲ್ಲ. ದೊಡ್ಡಾಕಿ ಆದಮೇಲೆ ಕುಣಿಯೋದೇನು ಅಂತ ಮನೆಯಲ್ಲಿ ಅಂದಿರುತ್ತಾರೆ. ನಾವು ಗಂಡು ಮಾಸ್ತರು, ಕೇಳೋಕೆ ಮುಜುಗರ. ಕಡೆಗೆ ಕನ್ನಡ ಟೀಚರ್ ಮಾತಾಡಿದರು. ಆಟದ ದಿನ ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಅಂತ ಆಯಿತು. ಕಟ್ಟೆಯಿಂದ ಅರ್ಧದಷ್ಟು ಜನ ಇಳಿದರು. ಉಳಿದರ್ಧ ಇಳಿಯಲಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋಖೋದ ಮೊದಲ ವಿಶ್ವಕಪ್ ನಡೆದು ನಮ್ಮ ಹೆಂಗಸರ ತಂಡ, ಗಂಡಸರ ತಂಡ ಎರಡೂ ಗೆದ್ದಾಗ, ಕಟ್ಟೆ ಮೇಲೆ ಕೂತಿದ್ದವಳೊಬ್ಬಳು ಮೊಬೈಲಿನಲ್ಲಿ ನೋಡಿ ಬಂದು, "ಸರ್, ಅವ್ರು ಮ್ಯಾಟಿನ ಮ್ಯಾಲ ಆಡ್ತಾರ. ಬಿದ್ರೂ ತರಚಂಗಿಲ್ಲ" ಅಂದಳು. ನಮ್ಮ ಗರಸಿನ ಮೇಲೆ ಬಿದ್ದ ಗುರುತು ಅವಳ ಮೊಣಕಾಲಲ್ಲಿ ಇತ್ತು.

ಇಲ್ಲಿ ಒಂದು ಮಾತು. ಗದಗಿನವರಿಗೆ ಆಟ ಅಂದರೆ ಸುನೀಲ್ ಜೋಶಿ ನೆನಪಾಗುತ್ತಾರೆ. ಹುಡುಗನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ವಾಪಸ್ ಬರುತ್ತಿದ್ದ ಕತೆ ಇಲ್ಲಿ ಎಲ್ಲರಿಗೂ ಬಾಯಿಪಾಠ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿಗೆ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದನ್ನು ನಾನೂ ಶೇಕಡಾವಾರು ಲೆಕ್ಕಕ್ಕೆ ಉದಾಹರಣೆಯಾಗಿ ಬಳಸಿದ್ದೇನೆ. ಹೆಮ್ಮೆ ಇದ್ದೇ ಇದೆ. ಆದರೆ ಅಂಥವರು ಶಾಲೆಯ ಪಿರಿಯಡ್ಡಿಗೆ ಕಾಯದೆ ತಾವೇ ಹುಬ್ಬಳ್ಳಿ ಬಸ್ಸು ಹಿಡಿಯುತ್ತಾರೆ. ವಾರದ ಎರಡು ಪಿರಿಯಡ್ ಇರಬೇಕಾದದ್ದು ಬಸ್ಸು ಹಿಡಿಯದ ಉಳಿದ 45 ಮಂದಿಗೆ.

ಅಂಪೈರ್ ಆದವನು

ಪ್ಯಾಂಟ್ ಮಡಚಿ ಬಾಗಿಲಲ್ಲಿ ನಿಂತಿದ್ದನಲ್ಲ, ಆ ಹುಡುಗ ಮುಂಗೋಪಿ. ಕಬಡ್ಡಿಯಲ್ಲಿ ಔಟ್ ಕೊಟ್ಟರೆ ಒಪ್ಪುತ್ತಿರಲಿಲ್ಲ. "ತಾಗಿಲ್ರಿ, ದೇವ್ರಾಣಿ ತಾಗಿಲ್ರಿ!" ಒಂದು ದಿನ ಗೆರೆ ಕಾಯುತ್ತಿದ್ದ ಹುಡುಗನ ಅಂಗಿ ಹಿಡಿದು ಹರಿದ. ಹೆಡ್ ಮಾಸ್ತರ ಒಂದು ತಿಂಗಳು ಆಟ ಬಂದ್ ಅಂದರು. ಆಟದಲ್ಲಿ ಸಿಟ್ಟು ತಡೆಯೋಕೆ ಬಾರದವನಿಗೆ ಆಟವನ್ನೇ ಬಂದ್ ಮಾಡಿದರೆ ಎಲ್ಲಿ ಕಲಿಯಬೇಕು ಅಂತ ಪಿಟಿ ಸರ್ ವಾದ. ಕೇಳಿಕೊಂಡು ಒಂದು ವಾರಕ್ಕೆ ಇಳಿಸಿದರು. ಆ ವಾರ ಪೂರ್ತಿ ಅವನ ಕೈಗೆ ಸೀಟಿ ಕೊಟ್ಟು ಅಂಪೈರ್ ಮಾಡಿದರು.

ಮೊದಲ ದಿನ ರಾಜನ ಹಾಗೆ ಊದಿದ. ಎರಡನೇ ದಿನ ಅವನ ಜೀವದ ಗೆಳೆಯನೇ ಗೆರೆ ತುಳಿದ. ಇವನಿಗೆ ಕಂಡಿತು. ಇವನು ಕಂಡದ್ದು ಗೆಳೆಯನಿಗೂ ಕಂಡಿತು. ಸೀಟಿ ಬಾಯಿಗೆ ಹೋಗಿ ಹಾಗೇ ನಿಂತಿತು. ಊದಿದ, ಸ್ವಲ್ಪ ತಡವಾಗಿ, ಸಣ್ಣಗೆ. ಅವತ್ತು ಇಬ್ಬರೂ ಬೇರೆ ಬೇರೆ ಮನೆಗೆ ಹೋದರು, ಮಾತಿಲ್ಲ. ಮರುದಿನ ಇನ್ನೊಬ್ಬ ಬಂದು ಅವನ ಮುಖದ ಹತ್ತಿರ ಮುಖ ತಂದು "ತಾಗಿಲ್ಲಲೇ, ದೇವ್ರಾಣಿ" ಅಂತ ಕೂಗಿದ. ಕೇಳುತ್ತಾ ನಿಂತವನ ಮುಖ ನೋಡಬೇಕಿತ್ತು. ತನ್ನದೇ ದನಿ ಯಾರದೋ ಬಾಯಿಂದ ಬಂದರೆ ಹೇಗಾಗಬೇಡ. ವಾರ ಮುಗಿದಾಗ ಸೀಟಿ ವಾಪಸ್ ಕೊಟ್ಟು, "ಬ್ಯಾಡ್ರಿ ಸರ್ ಈ ಕೆಲಸ" ಅಂದ. ಸಿಟ್ಟು ಹೋಯಿತಾ? ಇಲ್ಲ. ಈಗಲೂ ಔಟ್ ಕೊಟ್ಟರೆ ಗರಸನ್ನು ಕಾಲಿನಿಂದ ಒದೆಯುತ್ತಾನೆ. ಒದ್ದು, ಹೋಗಿ ಗೆರೆಯ ಹೊರಗೆ ಕೂರುತ್ತಾನೆ. ಹದಿನೈದರಲ್ಲಿ ಸಿಟ್ಟು ಮೊದಲು ಬಂದು ಬುದ್ಧಿ ಹಿಂದಿನಿಂದ ಬರುತ್ತದೆ. ಯೋಚಿಸಿ ತಡೆಯೋ ಮಿದುಳಿನ ಮುಂಭಾಗ ಪೂರ್ತಿ ಪಕ್ವವಾಗೋದು ಇಪ್ಪತ್ತೈದರ ಹತ್ತಿರ ಅನ್ನುತ್ತಾರೆ. ಅಲ್ಲಿಯವರೆಗೆ ಒದೆಯೋಕೆ ಗರಸು ಇದ್ದರೆ ಒಳ್ಳೆಯದು.

ಫೆಬ್ರವರಿ

ಈಗ ಕದಿಯೋದು ಬಿಟ್ಟಿದ್ದೇನೆ ಅಂತ ಹೇಳಬೇಕು. ಪೂರ್ತಿ ಬಿಟ್ಟಿಲ್ಲ. ಎಂಟು, ಒಂಬತ್ತರದು ಮುಟ್ಟೋದಿಲ್ಲ. ಹತ್ತನೇ ಕ್ಲಾಸಿನದು ಡಿಸೆಂಬರ್ ಆದಮೇಲೆ ತಾನಾಗಿಯೇ ನನ್ನ ಕೈಗೆ ಬರುತ್ತದೆ. ಎಸ್ಎಸ್ಎಲ್‌ಸಿ ರಿಸಲ್ಟ್ ಕಡಿಮೆಯಾದರೆ ಉತ್ತರ ಕೊಡಬೇಕಾದವನು ನಾನು. ನನ್ನ ಮೇಲಿನವರಿಗೂ ಮೇಲಿನವರಿದ್ದಾರೆ. ಈ ವರ್ಷವೂ ಫೆಬ್ರವರಿಯಲ್ಲಿ ಎರಡು ಪಿರಿಯಡ್ ತೆಗೆದುಕೊಂಡೆ. ಪಿಟಿ ಸರ್ ನಕ್ಕು ಕೊಟ್ಟರು. ಆ ನಗು ಮೊದಲಿನದೇ, ನನಗೆ ಮಾತ್ರ ಬೇರೆ ಥರ ಕಂಡಿತು.

ಎರಡನೇ ಪಿರಿಯಡ್ಡಿನ ದಿನ ಸ್ಪರ್ಶಕದ ಪ್ರಮೇಯ ಬರೆಯುತ್ತಿದ್ದೆ. ಹೊರಗೆ ಎಂಟನೇ ಕ್ಲಾಸಿನವರು ಖೋಖೋ ಆಡುತ್ತಿದ್ದರು. ಕಿಟಕಿಯಿಂದ ಒಂದಾದಮೇಲೆ ಒಂದು ಖೋ ಬರುತ್ತಿತ್ತು. ನಡುವೆ ಒಂದು ಖೋ ಸಣ್ಣಗೆ, ಅರ್ಧ ಗಾಳಿಯಲ್ಲೇ ಹೋಯಿತು. ಗೋಡೆ ಬದಿಯಲ್ಲಿ ಕೂತವಳು ನೋಟ್‌ಬುಕ್ಕಿನಿಂದ ತಲೆ ಎತ್ತದೆಯೇ, "ಫೌಲು" ಅಂದಳು. ಮೆಲ್ಲಗೇ ಅಂದಿದ್ದು, ಆದರೂ ಬೋರ್ಡಿನವರೆಗೆ ಕೇಳಿಸಿತು. ಅವಳು ಅಂದು ಮುಗಿಸೋದರೊಳಗೆ ಹೊರಗೆ ಸೀಟಿ ಊದಿತು. ಕ್ಲಾಸು ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಲ್ಲಿ ನಮ್ಮ ಅಂಪೈರ್ ಕಿಟಕಿಗೆ ಕತ್ತು ಹಾಕಿ, "ಸಾಧನೆ ನಾಳೆ ಮಾಡೂಣ್ರಿ ಸರ್" ಅಂದ.

ಗಡಿಯಾರ ನೋಡಿದೆ. ಪಿರಿಯಡ್ ಮುಗಿಯೋಕೆ 18 ನಿಮಿಷ ಇತ್ತು. ಪ್ರಮೇಯದ ಚಿತ್ರ ಬರೆದಾಗಿತ್ತು, ಸಾಧನೆ ಉಳಿದಿತ್ತು. ಚಾಕ್ ಡಬ್ಬಿಯ ಮುಚ್ಚಳ ಹಾಕಿದೆ. ಬಾಗಿಲ ಹತ್ತಿರ ಆಗಲೇ ಯಾರೋ ಪ್ಯಾಂಟ್ ಮಡಚಿಕೊಳ್ಳುತ್ತಿದ್ದರು.